ಮೈಲುತುತ್ತದ ಹರಳನ್ನು ಕಾಯಿಸಿ ಅದರೊಳಗಿನ ನೀರನ್ನು ಲೆಕ್ಕ ಹಾಕುವ ಕ್ರಮ

ಹೈಸ್ಕೂಲು ಮತ್ತು ಪಿಯುಸಿ ವಿದ್ಯಾರ್ಥಿಗಳೂ, ಅವರಿಗೆ ಪ್ರಯೋಗ ಮಾಡಿಸುವ ಶಿಕ್ಷಕರೂ ಒಂದೇ ಬಗೆಯ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಮೈಲುತುತ್ತವನ್ನು ಕಾಯಿಸಿದರೆ ನೀಲಿ ಬಣ್ಣ ಹೋಗಿ ಬಿಳಿಯಾಗುತ್ತದೆ ಎಂದು ಪುಸ್ತಕದಲ್ಲಿದೆ, ಆದರೆ ನಮ್ಮದು ಕಪ್ಪಾಯಿತು, ಏಕೆ? ಪೂರ್ತಿ ಬಿಳಿಯಾಗುವವರೆಗೆ ಕಾಯಿಸಿದರೂ ಲೆಕ್ಕದಲ್ಲಿ ಐದು ನೀರಿನ ಅಣುಗಳ ಬದಲು ನಾಲ್ಕಕ್ಕಿಂತ ಕಡಿಮೆ ಬಂತು, ತಪ್ಪು ಎಲ್ಲಿದೆ? ಪ್ರನಾಳ ಒಡೆದುಹೋಯಿತು, ಗಾಜು ಕಳಪೆಯೇ? ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ಪ್ರಯೋಗದ ಕ್ರಮದಲ್ಲಿಯೇ ಇದೆ. ಆದ್ದರಿಂದ ಜಲಯುಕ್ತ ಲವಣವನ್ನು, ಅಂದರೆ ತನ್ನ ಹರಳಿನ ರಚನೆಯಲ್ಲಿ ನೀರನ್ನು ಹಿಡಿದಿಟ್ಟುಕೊಂಡಿರುವ ಲವಣವನ್ನು, ಕಾಯಿಸುವ ವಿಧಾನವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಮುಖ್ಯ ಉದಾಹರಣೆಯಾಗಿ ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು ತೆಗೆದುಕೊಂಡಿದ್ದೇನೆ. ಬೇರೆ ಲವಣಗಳಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಕೊನೆಯ ಭಾಗದಲ್ಲಿ ನೋಡಬಹುದು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪ್ರಯೋಗದಲ್ಲಿ ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ, ತಕ್ಕಡಿ ಹೇಳುವುದನ್ನು ನಂಬಿ.

ಹರಳಿನೊಳಗಿನ ನೀರು

ಲವಣದ ದ್ರಾವಣ ನಿಧಾನವಾಗಿ ಆರಿ ಹರಳುಗಟ್ಟುವಾಗ ಕೆಲವು ಲವಣಗಳು ನೀರಿನ ಅಣುಗಳನ್ನು ನಿಗದಿತ ಪ್ರಮಾಣದಲ್ಲಿ ತಮ್ಮ ರಚನೆಯೊಳಗೆ ಸೇರಿಸಿಕೊಳ್ಳುತ್ತವೆ. ಈ ನೀರನ್ನು ಸ್ಫಟಿಕೀಕರಣ ಜಲ ಎನ್ನುತ್ತಾರೆ. ಇದು ಒದ್ದೆ ಬಟ್ಟೆಯಲ್ಲಿರುವ ನೀರಿನಂತಹುದಲ್ಲ. ಹರಳನ್ನು ಎಷ್ಟು ಒರೆಸಿದರೂ ಹೋಗುವುದಿಲ್ಲ, ಮುಟ್ಟಿದರೆ ಕೈಗೆ ತೇವ ಹತ್ತುವುದೂ ಇಲ್ಲ. ಮೈಲುತುತ್ತದಲ್ಲಿ ತಾಮ್ರದ ಸಲ್ಫೇಟಿನ ಒಂದು ಘಟಕಕ್ಕೆ ನೀರಿನ ಐದು ಅಣುಗಳಿರುತ್ತವೆ. ತೂಕದಲ್ಲಿ ಹೇಳುವುದಾದರೆ 100 ಗ್ರಾಂ ನೀಲಿ ಹರಳಿನಲ್ಲಿ ಸುಮಾರು 36 ಗ್ರಾಂ ನೀರೇ ಇರುತ್ತದೆ. ಬಟ್ಟೆ ಸೋಡಾದ ಹರಳಿನಲ್ಲಿ ಈ ಪಾಲು ಇನ್ನೂ ಹೆಚ್ಚು, ಸುಮಾರು 63 ಗ್ರಾಂ.

ಈ ಐದೂ ಅಣುಗಳು ಒಂದೇ ರೀತಿ ಬಂಧಿತವಾಗಿಲ್ಲ ಎಂಬುದನ್ನು ಗಮನದಲ್ಲಿಡಬೇಕು. ನಾಲ್ಕು ಅಣುಗಳು ತಾಮ್ರದ ಅಯಾನನ್ನು ನೇರವಾಗಿ ಸುತ್ತುವರಿದಿರುತ್ತವೆ. ಐದನೆಯದು ಹೈಡ್ರೋಜನ್ ಬಂಧಗಳ ಮೂಲಕ ಸಲ್ಫೇಟಿಗೂ ಇತರ ನೀರಿನ ಅಣುಗಳಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಕಾಯಿಸಿದಾಗ ನೀರು ಒಟ್ಟಿಗೆ ಹೊರಬೀಳುವುದಿಲ್ಲ. ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಅಣುಗಳು, ಸುಮಾರು 109 ಡಿಗ್ರಿಯಲ್ಲಿ ಮತ್ತೆರಡು, ಸುಮಾರು 200 ಡಿಗ್ರಿಯಲ್ಲಿ ಕೊನೆಯ ಒಂದು ಅಣು ಬಿಟ್ಟುಹೋಗುತ್ತವೆ. ಕಾಯಿಸುವ ವೇಗಕ್ಕೆ ತಕ್ಕಂತೆ ಈ ಅಂಕಿಗಳು ಸ್ವಲ್ಪ ಹಿಂದುಮುಂದಾಗುತ್ತವೆ, ಕ್ರಮ ಮಾತ್ರ ಬದಲಾಗುವುದಿಲ್ಲ.

ನೀಲಿ ಬಣ್ಣ ಬರುವುದು ತಾಮ್ರದ ಅಯಾನಿನ ಸುತ್ತ ನೀರಿನ ಅಣುಗಳು ನೆಲೆಸಿರುವುದರಿಂದ. ಅವು ಹೋದಂತೆ ಬಣ್ಣ ತಿಳಿಯಾಗುತ್ತದೆ. ನಾಲ್ಕು ಅಣುಗಳು ಹೋಗಿ ಇನ್ನೂ ಒಂದು ಉಳಿದಿರುವ ಹಂತದಲ್ಲಿಯೇ ಪುಡಿ ಹೆಚ್ಚುಕಡಿಮೆ ಬಿಳಿಯಾಗಿ ಕಾಣುತ್ತದೆ. ಬಿಳಿಯಾಯಿತೆಂದು ಅಲ್ಲಿಗೇ ಕಾಯಿಸುವುದನ್ನು ನಿಲ್ಲಿಸಿದರೆ ಐದನೆಯ ಅಣು ಒಳಗೇ ಉಳಿಯುತ್ತದೆ, ಲೆಕ್ಕವೂ ಕೆಡುತ್ತದೆ.

ಬೇಕಾಗುವ ಸಾಮಗ್ರಿ

ಪ್ರಯೋಗಾಲಯ ದರ್ಜೆಯ ತಾಮ್ರದ ಸಲ್ಫೇಟ್ ಹರಳು ಸುಮಾರು 5 ಗ್ರಾಂ ಸಾಕು. ಅಡಿಕೆ ತೋಟಕ್ಕೆಂದು ಗೊಬ್ಬರದ ಅಂಗಡಿಯಲ್ಲಿ ಸಿಗುವ ಮೈಲುತುತ್ತದಿಂದ ಬಣ್ಣದ ಬದಲಾವಣೆಯನ್ನು ತೋರಿಸಬಹುದು, ಆದರೆ ಅದರಲ್ಲಿ ಕಬ್ಬಿಣದ ಲವಣದಂತಹ ಕಲ್ಮಶಗಳು ಇರಬಹುದಾದ್ದರಿಂದ ತೂಕದ ಲೆಕ್ಕಕ್ಕೆ ಅದನ್ನು ಬಳಸಬೇಡಿ. ಮುಚ್ಚಳವಿರುವ ಪಿಂಗಾಣಿ ಮೂಸೆ, ಅಂದರೆ ಹೆಚ್ಚು ಶಾಖ ತಡೆಯುವ ಪುಟ್ಟ ಬಟ್ಟಲು; ಅದನ್ನು ಕೂರಿಸಲು ಮುಕ್ಕಾಲಿ ಮತ್ತು ಜೇಡಿಮಣ್ಣಿನ ತ್ರಿಕೋನ; ಇಕ್ಕಳ; ಬುನ್ಸನ್ ಬರ್ನರ್ ಅಥವಾ ಸ್ಪಿರಿಟ್ ದೀಪ; ಒಣಗಿದ ಗಟ್ಟಿ ಗಾಜಿನ ಪ್ರನಾಳ ಮತ್ತು ಅದರ ಹಿಡಿಕೆ; ಗಾಜಿನ ಕಡ್ಡಿ; ಕುಟ್ಟಾಣಿ; ಡ್ರಾಪರ್; ಕನಿಷ್ಠ 0.01 ಗ್ರಾಂವರೆಗೆ, ಸಾಧ್ಯವಾದರೆ 0.001 ಗ್ರಾಂವರೆಗೆ ತೋರಿಸುವ ತಕ್ಕಡಿ. ಮತ್ತು ಡೆಸಿಕೇಟರ್ ಬೇಕು. ಡೆಸಿಕೇಟರ್ ಎಂದರೆ ಕೆಳಭಾಗದಲ್ಲಿ ತೇವ ಹೀರುವ ವಸ್ತುವನ್ನಿಟ್ಟು ಬಿಗಿಯಾಗಿ ಮುಚ್ಚಿಡುವ ಗಾಜಿನ ಪಾತ್ರೆ. ಅದಿಲ್ಲದ ಶಾಲೆಗಳಲ್ಲಿ ಬಿಗಿ ಮುಚ್ಚಳದ ಅಗಲ ಬಾಯಿಯ ಗಾಜಿನ ಭರಣಿಯ ತಳದಲ್ಲಿ ಸಿಲಿಕಾ ಜೆಲ್ ಹರಡಿ, ಅದರ ಮೇಲೆ ಪಿಂಗಾಣಿ ಬಿಲ್ಲೆಯನ್ನಿಟ್ಟು ಕೆಲಸ ಸಾಗಿಸಬಹುದು.

ಅಡುಗೆಮನೆಯ ಪಾತ್ರೆಯನ್ನು ಈ ಕೆಲಸಕ್ಕೆ ಎಂದಿಗೂ ಬಳಸಬೇಡಿ. ತಾಮ್ರದ ಸಲ್ಫೇಟ್ ವಿಷ. ಅಷ್ಟೇ ಅಲ್ಲ, ಅಲ್ಯೂಮಿನಿಯಂ ಮತ್ತು ಕಬ್ಬಿಣ ಅದರ ತೇವ ತಗುಲಿದೊಡನೆ ತಾಮ್ರವನ್ನು ಹೊರಗೆಡಹಿ ತಾವು ಸವೆಯುತ್ತವೆ; ಪಾತ್ರೆಯೂ ಹಾಳು, ಪ್ರಯೋಗವೂ ಹಾಳು. ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಬಿಳಿ ಪುಡಿಯನ್ನು ಬರಿಗೈಯಿಂದ ಮುಟ್ಟಬೇಡಿ, ಕೈಯ ಬೆವರು ತಾಗಿದರೂ ಅದು ಬಿಸಿಯಾಗುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕಿಟಕಿಗಳು ತೆರೆದಿರಲಿ.

ಹಂತ 1: ಪ್ರನಾಳದಲ್ಲಿ ಮೊದಲು ನೋಡಿ

ತೂಕದ ಪ್ರಯೋಗಕ್ಕೆ ಕೈಹಾಕುವ ಮುನ್ನ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡುವುದು ಒಳ್ಳೆಯದು. ಚೆನ್ನಾಗಿ ಒಣಗಿದ ಪ್ರನಾಳಕ್ಕೆ ಅರ್ಧ ಚಮಚೆಯಷ್ಟು ಹರಳು ಹಾಕಿ, ಹಿಡಿಕೆಯಿಂದ ಹಿಡಿದು, ಪ್ರನಾಳದ ಬಾಯಿ ತಳಕ್ಕಿಂತ ತುಸು ಕೆಳಗಿರುವಂತೆ ಓರೆ ಮಾಡಿ. ಹರಳು ಜಾರದಷ್ಟು ಓರೆ ಸಾಕು. ಬಾಯಿ ನಿಮ್ಮ ಕಡೆಗಾಗಲಿ ಪಕ್ಕದವರ ಕಡೆಗಾಗಲಿ ಇರಬಾರದು. ಈಗ ಸಣ್ಣ ಜ್ವಾಲೆಯ ಮೇಲೆ ಪ್ರನಾಳವನ್ನು ಹಿಂದೆ ಮುಂದೆ ಆಡಿಸುತ್ತ ನಿಧಾನವಾಗಿ ಕಾಯಿಸಿ.

ಮೊದಲು ಗಾಜಿಗೆ ತಾಗಿರುವ ಹರಳುಗಳ ಅಂಚು ಮಂಕಾಗುತ್ತದೆ. ಪಾರದರ್ಶಕವಾಗಿದ್ದ ಮೈಯ ಮೇಲೆ ಸುಣ್ಣದ ನೀರು ಸವರಿದಂತೆ ಬಿಳಿಪು ಹರಡುತ್ತದೆ, ನಡುವೆ ಮಾತ್ರ ನೀಲಿ ಉಳಿದಿರುತ್ತದೆ. ಅಷ್ಟರಲ್ಲಿ ಪ್ರನಾಳದ ತಣ್ಣಗಿನ ಬಾಯಿಯ ಬಳಿ ಗಾಜು ಮಬ್ಬಾಗಿ, ಆ ಮಬ್ಬು ಸಣ್ಣ ಹನಿಗಳಾಗಿ ಕೂಡಿಕೊಳ್ಳುತ್ತದೆ. ಹರಳಿನೊಳಗಿದ್ದ ನೀರೇ ಆವಿಯಾಗಿ ಬಂದು ಅಲ್ಲಿ ತಂಪಾಗಿರುವುದು. ಬಾಯಿಯನ್ನು ಮೇಲ್ಮುಖವಾಗಿ ಹಿಡಿದಿದ್ದರೆ ಈ ಹನಿಗಳು ಕೆಳಗಿಳಿದು ಕಾದ ತಳಕ್ಕೆ ಬಿದ್ದು ಗಾಜು ಸೀಳಿಬಿಡುತ್ತಿತ್ತು. ಪ್ರನಾಳ ಒಡೆಯಿತೆಂದು ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ, ಗಾಜನ್ನು ದೂರಬೇಕಾಗಿಲ್ಲ.

ಬಾಯಿಯಲ್ಲಿ ಕೂಡಿದ ದ್ರವ ನೀರೇ ಎಂದು ಖಚಿತಪಡಿಸಿಕೊಳ್ಳಲು ಅದರ ಒಂದು ಹನಿಯನ್ನು ಮೊದಲೇ ಕಾಯಿಸಿಟ್ಟ ಬಿಳಿ ಪುಡಿಗೆ ತಾಗಿಸಿ, ಪುಡಿ ನೀಲಿಯಾಗುತ್ತದೆ. ಈ ಪರೀಕ್ಷೆ ತಿಳಿಸುವುದು ದ್ರವದಲ್ಲಿ ನೀರಿದೆ ಎಂಬುದನ್ನು ಮಾತ್ರ. ಉಪ್ಪು ನೀರಿನ ಹನಿ ಹಾಕಿದರೂ ಪುಡಿ ನೀಲಿಯಾಗುತ್ತದೆ. ಆದ್ದರಿಂದ ಶುದ್ಧ ನೀರು ಎಂದು ಬರೆಯುವ ಮುನ್ನ ಅದರ ಕುದಿಯುವ ಬಿಂದುವನ್ನು ನೋಡಬೇಕಾಗುತ್ತದೆ.

ಹಂತ 2: ಖಾಲಿ ಮೂಸೆಯನ್ನು ಸಿದ್ಧಪಡಿಸಿ

ಮೂಸೆಯನ್ನೂ ಮುಚ್ಚಳವನ್ನೂ ತೊಳೆದು ಒಣಗಿಸಿ, ತ್ರಿಕೋನದ ಮೇಲಿಟ್ಟು ಐದು ನಿಮಿಷ ಕಾಯಿಸಿ. ಪಿಂಗಾಣಿಯ ಮೈಗೆ ಅಂಟಿದ ತೇವ ಇದರಿಂದ ಹೋಗುತ್ತದೆ. ಡೆಸಿಕೇಟರಿನಲ್ಲಿ ತಣಿಸಿ, ಮುಚ್ಚಳ ಸಹಿತ ತೂಗಿ ಬರೆದುಕೊಳ್ಳಿ. ಇಲ್ಲಿಂದ ಮುಂದೆ ಮೂಸೆಯನ್ನು ಇಕ್ಕಳದಿಂದಲೇ ಎತ್ತಿ. ಬೆರಳಿನ ಜಿಡ್ಡು ತಕ್ಕಡಿಯ ಮೂರನೆಯ ದಶಮಾಂಶ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತದೆ.

ಹಂತ 3: ಹರಳನ್ನು ಪುಡಿ ಮಾಡಿ, ಒಣಗಿಸಿ, ತೂಗಿ

ದೊಡ್ಡ ಹರಳನ್ನು ಹಾಗೆಯೇ ಕಾಯಿಸಬೇಡಿ. ಹೊರಪದರ ನೀರನ್ನು ಕಳೆದುಕೊಂಡು ಗಟ್ಟಿಯಾಗುತ್ತದೆ, ಒಳಗಿನ ಆವಿಗೆ ದಾರಿ ಸಿಗದೆ ಹರಳು ಚಟ್ಟೆಂದು ಸಿಡಿದು ಮೂಸೆಯಿಂದ ಹೊರಗೆ ಬೀಳುತ್ತದೆ. ಒಂದೇ ಒಂದು ಚೂರು ಹೊರಗೆ ಹಾರಿದರೂ ಆ ತೂಕವನ್ನೆಲ್ಲ ನೀರಿನ ಲೆಕ್ಕಕ್ಕೆ ಸೇರಿಸಿದಂತಾಗುತ್ತದೆ. ಹರಳನ್ನು ಕುಟ್ಟಾಣಿಯಲ್ಲಿ ಸಣ್ಣ ರವೆಯಷ್ಟಾಗುವಂತೆ ಕುಟ್ಟಿ, ಎರಡು ಸೋಸು ಕಾಗದಗಳ ನಡುವೆ ಒತ್ತಿ ಹೊರ ತೇವವನ್ನು ತೆಗೆಯಿರಿ. ಒಲೆಗೆ ಬಿದ್ದ ಅಡುಗೆ ಉಪ್ಪೂ ಚಟಪಟ ಸಿಡಿಯುತ್ತದಲ್ಲ, ಅದರಲ್ಲೂ ಸ್ಫಟಿಕೀಕರಣ ಜಲ ಇದೆಯೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಅಡುಗೆ ಉಪ್ಪಿನ ಹರಳಿನ ಸಣ್ಣ ಪೊಳ್ಳುಗಳಲ್ಲಿ ಸಿಕ್ಕಿಬಿದ್ದ ಉಪ್ಪುನೀರು ಆವಿಯಾಗಿ ಹರಳನ್ನು ಸೀಳುತ್ತದೆ. ಅದಕ್ಕೆ ನಿಗದಿತ ಪ್ರಮಾಣವಿಲ್ಲ, ಹರಳಿನ ರಚನೆಯಲ್ಲಿ ಅದಕ್ಕೆ ಸ್ಥಾನವೂ ಇಲ್ಲ.

ಸುಮಾರು 2.5 ಗ್ರಾಂ ರವೆಯನ್ನು ಮೂಸೆಗೆ ಹಾಕಿ ಮುಚ್ಚಳ ಸಹಿತ ತೂಗಿ. ಮೂಸೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ಹಂತ 4: ನಿಧಾನವಾಗಿ ಕಾಯಿಸಿ

ಮುಚ್ಚಳವನ್ನು ತುಸು ಸರಿಸಿಡಿ, ಆವಿ ಹೊರಬರಲು ಸಂದು ಬೇಕು. ಮೊದಲ ಐದು ನಿಮಿಷ ಜ್ವಾಲೆ ಚಿಕ್ಕದಾಗಿರಲಿ. ಮಸಿಯಿಲ್ಲದ ನೀಲಿ ಜ್ವಾಲೆಯನ್ನೇ ಬಳಸಿ. ಹಳದಿ ಜ್ವಾಲೆ ಮೂಸೆಯ ತಳಕ್ಕೆ ಮಸಿ ಮೆತ್ತಿ ತೂಕವನ್ನು ಹೆಚ್ಚಿಸುತ್ತದೆ. ಬಳಿಕ ಜ್ವಾಲೆಯನ್ನು ಸ್ವಲ್ಪ ದೊಡ್ಡದು ಮಾಡಿ ಹತ್ತು ನಿಮಿಷ ಕಾಯಿಸಿ. ನಡುನಡುವೆ ಮುಚ್ಚಳ ಎತ್ತಿ ನೋಡಿ. ಮೇಲ್ಪದರ ಬಿಳಿಯಾಗಿ ಕಂಡರೂ ಗಾಜಿನ ಕಡ್ಡಿಯಿಂದ ಮೆಲ್ಲನೆ ಒತ್ತಿ ಒಡೆದರೆ ಒಳಗೆ ಇನ್ನೂ ತಿಳಿನೀಲಿ ಗಂಟುಗಳು ಸಿಗುತ್ತವೆ. ಅವನ್ನು ಒಡೆದು ಹರಡಿ, ಕಡ್ಡಿಗೆ ಅಂಟಿದ ಪುಡಿಯನ್ನು ಮೂಸೆಯ ಅಂಚಿಗೆ ತಟ್ಟಿ ಒಳಗೇ ಬೀಳಿಸಿ.

ಎಲ್ಲಿ ನಿಲ್ಲಿಸಬೇಕು ಎಂಬುದೇ ಈ ಹಂತದ ಕಷ್ಟ. ಕೊನೆಯ ನೀರು ಹೋಗಲು 200 ಡಿಗ್ರಿ ದಾಟಬೇಕು. ಆದರೆ ಸುಮಾರು 600 ಡಿಗ್ರಿ ಮೀರಿದರೆ ತಾಮ್ರದ ಸಲ್ಫೇಟೇ ಒಡೆದು ಕಪ್ಪು ಬಣ್ಣದ ತಾಮ್ರದ ಆಕ್ಸೈಡ್ ಉಳಿಯುತ್ತದೆ, ಸಲ್ಫರ್ ಟ್ರೈಆಕ್ಸೈಡ್ ಮೊದಲಾದ ಉಸಿರು ಕಟ್ಟಿಸುವ ಅನಿಲಗಳು ಹೊರಬರುತ್ತವೆ. ನಡುವಿನ ಅಂತರ ದೊಡ್ಡದಾಗಿ ತೋರಿದರೂ ಬರ್ನರಿನ ಜ್ವಾಲೆ ನೇರವಾಗಿ ತಾಗುವ ಮೂಸೆಯ ತಳ ಅದನ್ನು ಸುಲಭವಾಗಿ ದಾಟಿಬಿಡುತ್ತದೆ. ಮೂಸೆಯ ತಳ ಮಂದ ಕೆಂಪಾಗಿ ಹೊಳೆಯತೊಡಗಿದರೆ ಮಿತಿ ಮೀರುತ್ತಿದೆ ಎಂದರ್ಥ, ಕೂಡಲೇ ಜ್ವಾಲೆ ತಗ್ಗಿಸಿ. ಪುಡಿಯ ಬಿಳಿಯಲ್ಲಿ ತುಸು ಬೂದು ಛಾಯೆ ಕಂಡರೆ ಗಾಬರಿ ಬೇಡ, ನಿರ್ಜಲ ತಾಮ್ರದ ಸಲ್ಫೇಟಿನ ಬಣ್ಣವೇ ಬೂದು ಮಿಶ್ರಿತ ಬಿಳಿ. ನಿರ್ಜಲ ಎಂದರೆ ಸ್ಫಟಿಕೀಕರಣ ಜಲ ಪೂರ್ತಿ ಹೋದ ಲವಣ. ಆದರೆ ತಳದಲ್ಲಿ ಕಪ್ಪು ಚುಕ್ಕೆಗಳು ಕಂಡರೆ ವಿಭಜನೆ ಆರಂಭವಾಗಿದೆ. ಆ ಮಾದರಿಯನ್ನು ಲೆಕ್ಕಕ್ಕೆ ಬಳಸದೆ ಹೊಸದಾಗಿ ಆರಂಭಿಸಿ.

ಪದೇ ಪದೇ ಈ ಪ್ರಯೋಗ ಮಾಡಿಸುವ ಶಾಲೆಗಳಿಗೆ ನನ್ನ ಸಲಹೆ ಮರಳು ತಟ್ಟೆ. ಅಗಲವಾದ ಕಬ್ಬಿಣದ ತಟ್ಟೆಯಲ್ಲಿ ಒಣ ಮರಳು ತುಂಬಿ, ಮೂಸೆಯನ್ನು ಅದರಲ್ಲಿ ಅರ್ಧ ಹುದುಗಿಸಿ, ಪಕ್ಕದಲ್ಲಿ 360 ಡಿಗ್ರಿವರೆಗಿನ ಥರ್ಮಾಮೀಟರ್ ಚುಚ್ಚಿಟ್ಟು, ಮರಳನ್ನು 230 ರಿಂದ 250 ಡಿಗ್ರಿಯಲ್ಲಿ ಹಿಡಿದಿಟ್ಟರೆ ಸಮಯ ಹೆಚ್ಚು ಹಿಡಿದರೂ ಲವಣ ಕಪ್ಪಾಗುವ ಭಯವಿಲ್ಲ. ಉಷ್ಣತೆ ನಿಯಂತ್ರಿಸಬಹುದಾದ ಒಲೆಯಿರುವ ಕಾಲೇಜುಗಳಿಗೆ ಅದೂ ಬೇಕಿಲ್ಲ.

ಹಂತ 5: ಮುಚ್ಚಿ ತಣಿಸಿ

ಜ್ವಾಲೆ ಆರಿಸಿದೊಡನೆ ಮುಚ್ಚಳವನ್ನು ಪೂರ್ತಿ ಮುಚ್ಚಿ, ಒಂದೆರಡು ನಿಮಿಷದ ಬಳಿಕ ಇಕ್ಕಳದಿಂದ ಎತ್ತಿ ಡೆಸಿಕೇಟರಿನಲ್ಲಿಡಿ. ಮೇಜಿನ ಮೇಲೆ ತೆರೆದಿಟ್ಟು ತಣಿಸಬೇಡಿ; ಬಿಳಿ ಪುಡಿ ಗಾಳಿಯ ತೇವವನ್ನು ಹೀರಿಕೊಂಡು ತೂಕ ಹೆಚ್ಚಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಶಾಲೆಗಳಲ್ಲಿ ಇದು ಬೇಗನೆ ನಡೆಯುತ್ತದೆ. ಹಾಗೆಂದು ಅವಸರಪಟ್ಟು ಬಿಸಿ ಮೂಸೆಯನ್ನೇ ತಕ್ಕಡಿಗೆ ಇಡುವುದೂ ತಪ್ಪು: ಬಿಸಿ ವಸ್ತುವಿನ ಸುತ್ತ ಗಾಳಿ ಮೇಲಕ್ಕೇಳುವುದರಿಂದ ಅದು ಇರುವುದಕ್ಕಿಂತ ಹಗುರವಾಗಿ ತೂಗುತ್ತದೆ, ತಕ್ಕಡಿಯೂ ಕೆಡಬಹುದು. ಮೂಸೆ ಕೋಣೆಯ ಉಷ್ಣತೆಗೆ ಬರಲು 15 ರಿಂದ 20 ನಿಮಿಷ ಕೊಡಿ.

ಹಂತ 6: ಸ್ಥಿರ ತೂಕ ಬರುವವರೆಗೆ ಮತ್ತೆ ಮತ್ತೆ ಕಾಯಿಸಿ

ಒಮ್ಮೆ ತೂಗಿದ್ದಕ್ಕೆ ಕೆಲಸ ಮುಗಿಯುವುದಿಲ್ಲ. ಮತ್ತೆ ಐದು ನಿಮಿಷ ಕಾಯಿಸಿ, ತಣಿಸಿ, ತೂಗಿ. ತೂಕ ಇಳಿದಿದ್ದರೆ ಒಳಗೆ ಇನ್ನೂ ನೀರಿತ್ತು ಎಂದಾಯಿತು. ಎರಡು ಸಲದ ತೂಕಗಳ ನಡುವೆ 0.002 ಗ್ರಾಂಗಿಂತ ಹೆಚ್ಚು ವ್ಯತ್ಯಾಸವಿಲ್ಲದ ತನಕ (0.01 ಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಾದರೆ ಅಂಕಿ ಬದಲಾಗದ ತನಕ) ಇದನ್ನು ಮುಂದುವರಿಸಿ. ಇದನ್ನೇ ಸ್ಥಿರ ತೂಕ ಎನ್ನುತ್ತಾರೆ. ಒಂದೇ ತರಗತಿಯ ಅವಧಿಯಲ್ಲಿ ಮುಗಿಸಬೇಕೆಂಬ ಒತ್ತಡದಲ್ಲಿ ಮೊದಲು ಕೈಬಿಡುವುದು ಈ ಹಂತವನ್ನೇ. ದಯವಿಟ್ಟು ಬಿಡಬೇಡಿ. ಸಮಯ ಸಾಲದಿದ್ದರೆ ಮೂಸೆಯನ್ನು ಡೆಸಿಕೇಟರಿನಲ್ಲಿ ಮುಚ್ಚಿಟ್ಟು ಮರುದಿನ ಮುಂದುವರಿಸಿ, ಫಲಿತಾಂಶ ಕೆಡುವುದಿಲ್ಲ.

ಹಂತ 7: ಲೆಕ್ಕ

ಲೆಕ್ಕದ ದಾರಿಯನ್ನು ತೋರಿಸಲು ಮಾದರಿ ಅಂಕಿಗಳನ್ನು ತೆಗೆದುಕೊಳ್ಳೋಣ.

ಖಾಲಿ ಮೂಸೆ ಮತ್ತು ಮುಚ್ಚಳ: 22.450 ಗ್ರಾಂ
ನೀಲಿ ಲವಣ ಹಾಕಿದ ಮೇಲೆ: 24.947 ಗ್ರಾಂ
ಮೊದಲ ಸಲ ಕಾಯಿಸಿದ ಮೇಲೆ: 24.112 ಗ್ರಾಂ
ಎರಡನೆಯ ಸಲ: 24.050 ಗ್ರಾಂ
ಮೂರನೆಯ ಸಲ: 24.048 ಗ್ರಾಂ

ತೆಗೆದುಕೊಂಡ ನೀಲಿ ಲವಣ 2.497 ಗ್ರಾಂ. ಉಳಿದ ನಿರ್ಜಲ ಲವಣ 24.048 ರಲ್ಲಿ 22.450 ಕಳೆದು 1.598 ಗ್ರಾಂ. ಹೋದ ನೀರು 2.497 ರಲ್ಲಿ 1.598 ಕಳೆದು 0.899 ಗ್ರಾಂ. ಈಗ ಎರಡನ್ನೂ ಮೋಲ್‌ಗೆ ಪರಿವರ್ತಿಸಬೇಕು. ಮೋಲ್ ಎಂದರೆ ಕಣಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬಳಸುವ ಅಳತೆ. ತೂಕವನ್ನು ಆ ವಸ್ತುವಿನ ಮೋಲಾರ್ ರಾಶಿಯಿಂದ, ಅಂದರೆ ಅದರ ಒಂದು ಮೋಲಿನ ತೂಕದಿಂದ, ಭಾಗಿಸಿದರೆ ಮೋಲ್ ಸಂಖ್ಯೆ ಸಿಗುತ್ತದೆ. ನಿರ್ಜಲ ತಾಮ್ರದ ಸಲ್ಫೇಟಿನ ಮೋಲಾರ್ ರಾಶಿ 159.6 ಗ್ರಾಂ, ನೀರಿನದು 18.02 ಗ್ರಾಂ. ಲವಣ 1.598 ÷ 159.6 = 0.01001 ಮೋಲ್, ನೀರು 0.899 ÷ 18.02 = 0.0499 ಮೋಲ್. ನೀರಿನ ಮೋಲನ್ನು ಲವಣದ ಮೋಲಿನಿಂದ ಭಾಗಿಸಿದರೆ 4.98, ಅಂದರೆ 5.

ಇದೇ ಅಂಕಿಗಳಲ್ಲಿ ಮೊದಲ ತೂಕಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತು ನೋಡಿ. ಉಳಿಕೆ 1.662 ಗ್ರಾಂ, ನೀರು 0.835 ಗ್ರಾಂ, ಅನುಪಾತ 4.45. ಎಲ್ಲ ನಾಲ್ಕು ಅಣುಗಳು ಹೋಗಿ ಐದನೆಯದು ಪೂರ್ತಿ ಉಳಿದಿರುವಾಗ ನಿಲ್ಲಿಸಿದರೆ ಉತ್ತರ 4 ಕೂಡ ಬರುವುದಿಲ್ಲ, ಸುಮಾರು 3.6 ಬರುತ್ತದೆ, ಏಕೆಂದರೆ ಉಳಿದುಕೊಂಡ ನೀರಿನ ತೂಕ ನೀರಿನ ಲೆಕ್ಕದಲ್ಲಿ ಕಡಿಮೆಯಾಗುವುದಷ್ಟೇ ಅಲ್ಲ, ಲವಣದ ಲೆಕ್ಕಕ್ಕೂ ಹೋಗಿ ಸೇರುತ್ತದೆ. ಬಿಳಿಯಾಗಿತ್ತಲ್ಲ ಎಂದು ಕೇಳುವವರಿಗೆ ಇದೇ ಉತ್ತರ. ಇನ್ನೊಂದು ಕಡೆ, ಅತಿಯಾಗಿ ಕಾಯಿಸಿ ಲವಣದ ಹತ್ತನೇ ಒಂದು ಭಾಗ ಕಪ್ಪು ಆಕ್ಸೈಡಾಗಿದ್ದರೆ ಉತ್ತರ ಸುಮಾರು 5.7ಕ್ಕೆ ಏರುತ್ತದೆ.

ಹೀಗೆ ಉತ್ತರವೇ ತಪ್ಪಿನ ಸುಳಿವು ಕೊಡುತ್ತದೆ. 5ಕ್ಕಿಂತ ಕಡಿಮೆ ಬಂದರೆ ಕಾಯಿಸಿದ್ದು ಸಾಲದು, ಅಥವಾ ತಣಿಸುವಾಗ ತೇವ ಸೇರಿದೆ, ಅಥವಾ ಮೂಸೆಗೆ ಮಸಿ ಹತ್ತಿದೆ. 5ಕ್ಕಿಂತ ಹೆಚ್ಚು ಬಂದರೆ ಹರಳು ಮೊದಲೇ ಒದ್ದೆಯಾಗಿತ್ತು, ಅಥವಾ ಚೂರು ಹೊರಗೆ ಸಿಡಿದಿದೆ, ಅಥವಾ ಬಿಸಿಯಿರುವಾಗಲೇ ತೂಗಿದ್ದೀರಿ, ಅಥವಾ ಲವಣವೇ ಒಡೆದಿದೆ. ಪ್ರಯೋಗದ ಪುಸ್ತಕದಲ್ಲಿ ಬಂದ ಅಂಕಿಯನ್ನೇ ಬರೆದು ಅದರ ಪಕ್ಕದಲ್ಲಿ ಕಾರಣವನ್ನು ಬರೆಯಿರಿ. ಅಂಕಿಯನ್ನು ತಿದ್ದಿ 5 ಮಾಡಿದ ಪುಸ್ತಕಕ್ಕಿಂತ 4.6 ಏಕೆ ಬಂತೆಂದು ವಿವರಿಸಿದ ಪುಸ್ತಕಕ್ಕೆ ಹೆಚ್ಚು ಅಂಕ ಸಿಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಹಂತ 8: ನೀರನ್ನು ಮರಳಿ ಕೊಡಿ

ಮೂಸೆ ಪೂರ್ತಿ ತಣಿದ ಮೇಲೆ ಡ್ರಾಪರಿನಿಂದ ಒಂದೊಂದೇ ಹನಿ ನೀರು ಹಾಕಿ. ಹನಿ ಬಿದ್ದ ಜಾಗದಲ್ಲಿ ನೀಲಿ ಚುಕ್ಕೆ ಮೂಡಿ ಹರಡುತ್ತದೆ, ಸಣ್ಣಗೆ ಸುಯ್ ಎಂಬ ಸದ್ದೂ ಬರಬಹುದು, ಮೂಸೆ ಬಿಸಿಯಾಗುತ್ತದೆ. ನೀರನ್ನು ಹೊರಹಾಕಲು ನಾವು ಕೊಟ್ಟ ಶಾಖದ ಲೆಕ್ಕ ಇಲ್ಲಿ ಮರಳಿ ಕಾಣುತ್ತದೆ: ನೀರು ಬಿಡುವುದು ಅಂತರುಷ್ಣಕ ಕ್ರಿಯೆ, ಅಂದರೆ ಶಾಖ ಹೀರುವ ಕ್ರಿಯೆ, ನೀರು ಸೇರುವುದು ಬಹಿರುಷ್ಣಕ, ಅಂದರೆ ಶಾಖ ಹೊರಹಾಕುವ ಕ್ರಿಯೆ. ಪಿಯುಸಿ ವಿದ್ಯಾರ್ಥಿಗಳು ಇದನ್ನು ಅಂಕಿಗಳಲ್ಲಿ ನೋಡಬಹುದು. ಒಂದು ಮೋಲ್ ನಿರ್ಜಲ ಲವಣವನ್ನು ಧಾರಾಳ ನೀರಿನಲ್ಲಿ ಕರಗಿಸಿದರೆ ಸುಮಾರು 66.5 ಕಿಲೋಜೌಲ್ ಶಾಖ ಹೊರಬರುತ್ತದೆ. ಅದೇ ಒಂದು ಮೋಲ್ ನೀಲಿ ಹರಳನ್ನು ಕರಗಿಸಿದರೆ ಸುಮಾರು 11.7 ಕಿಲೋಜೌಲ್ ಹೀರಲ್ಪಟ್ಟು ದ್ರಾವಣ ತುಸು ತಣ್ಣಗಾಗುತ್ತದೆ. ಎರಡೂ ಕಡೆ ಕೊನೆಗೆ ಸಿಗುವ ದ್ರಾವಣ ಒಂದೇ ಆದ್ದರಿಂದ ವ್ಯತ್ಯಾಸವಾದ (ಒಂದು ಹೊರಬರುವ, ಇನ್ನೊಂದು ಹೀರುವ ಶಾಖವಾದ್ದರಿಂದ ಎರಡನ್ನೂ ಕೂಡಿದ) ಸುಮಾರು 78.2 ಕಿಲೋಜೌಲ್ ಬಿಳಿ ಪುಡಿ ಐದು ಅಣು ನೀರನ್ನು ಸೇರಿಸಿಕೊಂಡು ನೀಲಿ ಹರಳಾಗುವಾಗ ಬಿಡುಗಡೆಯಾಗುವ ಶಾಖ.

ಎಚ್ಚರಿಕೆ: ಬಿಸಿ ಮೂಸೆಗೆ ನೀರು ಹಾಕಬೇಡಿ, ಪಿಂಗಾಣಿ ಸೀಳುತ್ತದೆ, ಬಿಸಿ ಆವಿ ಮುಖಕ್ಕೆ ಹಾರುತ್ತದೆ.

ಎಲ್ಲ ಲವಣಗಳೂ ಹೀಗೆಯೇ ನಡೆದುಕೊಳ್ಳುವುದಿಲ್ಲ

ಮೈಲುತುತ್ತದಲ್ಲಿ ಕಲಿತದ್ದನ್ನು ಹಾಗೆಯೇ ಬೇರೆ ಲವಣಕ್ಕೆ ಅನ್ವಯಿಸುವುದರಿಂದಲೇ ಬಹಳ ಗೊಂದಲಗಳು ಹುಟ್ಟುತ್ತವೆ. ಬಟ್ಟೆ ಸೋಡಾದ ಹರಳು ಸುಮಾರು 33 ಡಿಗ್ರಿಗೇ ತನ್ನೊಳಗಿನ ನೀರಿನಲ್ಲಿಯೇ ಕರಗಿ ದ್ರವದಂತಾಗುತ್ತದೆ. ಪಟಿಕವೂ ಸುಮಾರು 92 ಡಿಗ್ರಿಯಲ್ಲಿ ಹಾಗೆಯೇ ಕರಗಿ, ಮುಂದೆ ನೀರು ಕುದಿದು ಹೋಗುವಾಗ ನೊರೆಯಾಗಿ ಉಬ್ಬಿ ಮೂಸೆಯ ಅಂಚು ದಾಟಿಬಿಡುತ್ತದೆ. ಇದನ್ನು ನೋಡಿ ಲವಣವೇ ಶಾಖಕ್ಕೆ ಕರಗಿ ದ್ರವವಾಯಿತು ಎಂದು ಬರೆಯಬಾರದು; ಲವಣ ಇಲ್ಲಿ ತನ್ನ ಸ್ಫಟಿಕೀಕರಣ ಜಲದಲ್ಲಿ ವಿಲೀನವಾಗಿದೆ, ನಿರ್ಜಲ ಬಟ್ಟೆ ಸೋಡಾ ಕರಗಲು 850 ಡಿಗ್ರಿಗೂ ಹೆಚ್ಚು ಉಷ್ಣತೆ ಬೇಕು. ಇಂತಹ ಲವಣಗಳಿಗೆ ದೊಡ್ಡ ಮೂಸೆ, ಕಡಿಮೆ ಲವಣ, ಸಣ್ಣ ಜ್ವಾಲೆ ಬೇಕು. ಬಿಳಿಗಾರವೂ ಉಬ್ಬುವ ಗುಂಪಿಗೇ ಸೇರಿದ್ದು.

ಜಿಪ್ಸಮ್ಮಿನಲ್ಲಿ ಎಲ್ಲ ನೀರನ್ನೂ ತೆಗೆಯದಿರುವುದೇ ಗುರಿ. ಪಠ್ಯಪುಸ್ತಕದ ಪ್ರಕಾರ 100 ಡಿಗ್ರಿಯಲ್ಲಿ, ಅಂದರೆ 373 ಕೆಲ್ವಿನ್‌ನಲ್ಲಿ ಕಾಯಿಸಿದಾಗ ಅದರ ಎರಡು ನೀರಿನ ಅಣುಗಳಲ್ಲಿ ಒಂದೂವರೆ ಪಾಲು ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಳಿಯುತ್ತದೆ. ನೀರು ಬೆರೆಸಿದರೆ ಮತ್ತೆ ಜಿಪ್ಸಮ್ ಆಗಿ ಗಟ್ಟಿಗೊಳ್ಳುತ್ತದೆ. ಅತಿಯಾಗಿ ಕಾಯಿಸಿ ಪೂರ್ತಿ ನಿರ್ಜಲ ಮಾಡಿದ ಪುಡಿ ನೀರು ಬೆರೆಸಿದರೂ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಮೆಗ್ನೀಸಿಯಂ ಕ್ಲೋರೈಡ್ ಮತ್ತು ಅಲ್ಯೂಮಿನಿಯಂ ಕ್ಲೋರೈಡ್ ಹರಳುಗಳನ್ನು ಈ ವಿಧಾನದಿಂದ ನಿರ್ಜಲ ಮಾಡಲಾಗದು. ಕಾಯಿಸಿದಾಗ ಅವುಗಳೊಳಗಿನ ನೀರೇ ಲವಣದೊಡನೆ ವರ್ತಿಸಿ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಹೊರಹಾಕುತ್ತದೆ. ತಾಮ್ರದ ನೈಟ್ರೇಟಿನಂತಹ ಜಲಯುಕ್ತ ನೈಟ್ರೇಟುಗಳು ಕಂದು ಬಣ್ಣದ ವಿಷಾನಿಲವನ್ನು ಬಿಡುತ್ತವೆ. ಹೊಗೆ ಸೆಳೆಯುವ ಗೂಡು ಇಲ್ಲದ ಶಾಲೆಯಲ್ಲಿ ಇವನ್ನು ಕಾಯಿಸಲೇಬಾರದು.

ಅನ್ನಭೇದಿ, ಅಂದರೆ ಹಸಿರು ಬಣ್ಣದ ಫೆರಸ್ ಸಲ್ಫೇಟ್, ಪ್ರತ್ಯೇಕ ಎಚ್ಚರಿಕೆ ಕೇಳುತ್ತದೆ, ಏಕೆಂದರೆ ಹತ್ತನೇ ತರಗತಿಯ ಪಠ್ಯದಲ್ಲಿ ಅದನ್ನು ಕಾಯಿಸುವ ಚಟುವಟಿಕೆ ಇದೆ. ಇಲ್ಲಿ ಎರಡು ಬೇರೆ ಬೇರೆ ಘಟನೆಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ಏಳು ಅಣು ನೀರು ಹಂತ ಹಂತವಾಗಿ ಹೋಗುತ್ತದೆ, ಹಸಿರು ಮಾಸಿ ಪುಡಿ ಬಿಳಿಚಿಕೊಳ್ಳುತ್ತದೆ. ಮುಂದೆ ಹೆಚ್ಚು ಕಾಯಿಸಿದಾಗ ಫೆರಸ್ ಸಲ್ಫೇಟೇ ಒಡೆದು ಕೆಂಗಂದು ಬಣ್ಣದ ಫೆರಿಕ್ ಆಕ್ಸೈಡ್ ಉಳಿದು, ಸಲ್ಫರ್ ಡೈಆಕ್ಸೈಡ್ ಮತ್ತು ಸಲ್ಫರ್ ಟ್ರೈಆಕ್ಸೈಡ್ ಹೊರಬರುತ್ತವೆ. ಗಂಧಕ ಉರಿದ ಘಾಟು ಇವುಗಳದೇ. ಪಠ್ಯವು ಉಷ್ಣ ವಿಭಜನೆಗೆ ಉದಾಹರಣೆಯಾಗಿ ಕೊಟ್ಟಿರುವುದು ಈ ಎರಡನೆಯ ಘಟನೆಯನ್ನು. ಪರೀಕ್ಷೆಯಲ್ಲಿ ಬಣ್ಣ ಬದಲಾವಣೆ ಕೇಳಿದರೆ ಹಸಿರು, ಬಿಳಿ, ಕೆಂಗಂದು ಎಂಬ ಮೂರನ್ನೂ ಕ್ರಮವಾಗಿ ಬರೆಯಿರಿ. ವಾಸನೆ ನೋಡಲು ಪ್ರನಾಳಕ್ಕೆ ಮೂಗು ಒಡ್ಡಬೇಡಿ, ಕೈಯಿಂದ ಅನಿಲವನ್ನು ತುಸುವೇ ಮುಖದ ಕಡೆಗೆ ಬೀಸಿಕೊಳ್ಳಿ; ಉಬ್ಬಸವಿರುವ ಮಕ್ಕಳನ್ನು ಈ ಚಟುವಟಿಕೆಯಿಂದ ದೂರ ಕೂರಿಸಿ. ಈ ಲವಣವನ್ನು ತೂಕದ ಪ್ರಯೋಗಕ್ಕೆ ಆರಿಸಿಕೊಳ್ಳಬೇಡಿ, ತೆರೆದ ಮೂಸೆಯಲ್ಲಿ ಗಾಳಿಯ ಆಮ್ಲಜನಕವೂ ಅದರೊಡನೆ ವರ್ತಿಸುವುದರಿಂದ ತೂಕದ ಇಳಿಕೆಯನ್ನೆಲ್ಲ ನೀರೆಂದು ಎಣಿಸಲಾಗದು. ಎರಡನೆಯ ಮಾದರಿ ಬೇಕೆನ್ನುವವರಿಗೆ ಎಪ್ಸಮ್ ಲವಣ, ಅಂದರೆ ಮೆಗ್ನೀಸಿಯಂ ಸಲ್ಫೇಟ್ ಒಳ್ಳೆಯದು: ಅದು ವಿಷವಲ್ಲ, ಅಗ್ಗ, ತೂಕದಲ್ಲಿ ಶೇ 51 ರಷ್ಟು ನೀರಿರುತ್ತದೆ. ಬಣ್ಣ ಬದಲಾಗದ ಕಾರಣ ವಿದ್ಯಾರ್ಥಿ ತಕ್ಕಡಿಯನ್ನು ನಂಬಲೇಬೇಕಾಗುತ್ತದೆ, ಆ ದೃಷ್ಟಿಯಿಂದ ಕಲಿಕೆಗೆ ಅದೇ ಮೇಲು.

ಉಳಿದದ್ದನ್ನು ಏನು ಮಾಡಬೇಕು

ಬಿಳಿ ಪುಡಿಯನ್ನು ಒಣಗಿದ ಬಿಗಿ ಬಿರಡೆಯ ಬಾಟಲಿಯಲ್ಲಿಟ್ಟು ಹೆಸರು, ದಿನಾಂಕ ಬರೆದಿಡಿ. ಮುಂದಿನ ತರಗತಿಗೆ ನೀರಿನ ಪರೀಕ್ಷೆಗೆ ಒದಗುತ್ತದೆ. ನೀಲಿಯಾದ ಪುಡಿಯನ್ನು ಸ್ವಲ್ಪ ಬಿಸಿ ನೀರಿನಲ್ಲಿ ಕರಗಿಸಿ, ಸೋಸಿ, ಅಲುಗಾಡಿಸದೆ ಬಿಟ್ಟರೆ ಕೆಲವು ದಿನಗಳಲ್ಲಿ ಮತ್ತೆ ಹರಳುಗಳು ಸಿಗುತ್ತವೆ. ದ್ರಾವಣವನ್ನು ಚರಂಡಿಗೆ, ಕೆರೆ ಅಥವಾ ಹಳ್ಳ ಸೇರುವ ನೀರಿಗೆ ಚೆಲ್ಲಬೇಡಿ, ತಾಮ್ರ ಬಹಳ ಕಡಿಮೆ ಪ್ರಮಾಣದಲ್ಲಿದ್ದರೂ ಮೀನುಗಳಿಗೆ ಮಾರಕ.

ಅಡಿಕೆ ಬೆಳೆಗಾರರಿಂದಲೂ ಇದಕ್ಕೆ ಹೊಂದಿಕೊಂಡ ಒಂದು ಪ್ರಶ್ನೆ ಬರುತ್ತದೆ: ಬಹುಕಾಲ ಇಟ್ಟ ಮೈಲುತುತ್ತದ ಮೇಲೆ ಬಿಳಿ ಪುಡಿ ಕಟ್ಟಿಕೊಂಡಿದೆ, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿದ ಸಿಂಪಡಣೆ, ಮಾಡಲು ಬರುತ್ತದೆಯೇ? ಆ ಬಿಳಿಪು ಒಣ ಹವೆಯಲ್ಲಿ ಮೇಲ್ಮೈಯ ನೀರು ಹೋಗಿ ಬಂದದ್ದಾದರೆ ತಾಮ್ರ ಹಾಳಾಗಿಲ್ಲ, ಬಳಸಬಹುದು. ನೂರು ಲೀಟರಿಗೆ ಒಂದು ಕಿಲೋ ಎಂಬ ರೂಢಿಯ ಅಳತೆ ನೀಲಿ ಹರಳಿನದ್ದು. ಪೂರ್ತಿ ನಿರ್ಜಲವಾದ ಪುಡಿಯಾದರೆ ಅಷ್ಟೇ ತಾಮ್ರ 640 ಗ್ರಾಂನಲ್ಲಿಯೇ ಸಿಗುತ್ತದೆ. ಮೇಲೆ ಮಾತ್ರ ಬಿಳಿಚಿಕೊಂಡ ಹರಳಿನಲ್ಲಿ ವ್ಯತ್ಯಾಸ ಅಲ್ಪ, ಅಳತೆ ಬದಲಿಸಬೇಕಾಗಿಲ್ಲ. ಆದರೂ ಸಿಂಪಡಿಸುವ ಮುನ್ನ ಉಜ್ಜಿ ಹೊಳಪು ತಂದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ನೋಡಿ. ಚಾಕುವಿನ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಲೇಪ ಕಾಣದಷ್ಟಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸಿ.